24 ಇಂಚಿನ ಮಗ್ಗದಲ್ಲಿ 42 ಇಂಚಿನ ಚೌಕುಳಿ ಸೀರೆ ನೇಯಬಹುದಾ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೇಲೆ ನಾಟಕ ಆಡಬೇಕು ಅಂತಿದ್ದೇವೆ. ಅಂಗಡಿ ಸೀರೆ ಬೇಡ, ಆ ಕಾಲಕ್ಕೆ ಒಪ್ಪುವ ಚೌಕುಳಿ ಬಟ್ಟೆಯನ್ನು ನಾವೇ ನೇಯೋಣ ಅಂತ ಆಸೆ. ನನ್ನ ಹತ್ತಿರ ಇರುವುದು ನಾಲ್ಕು ಶಾಫ್ಟಿನ (ಉದ್ದದ ಎಳೆಗಳನ್ನು ಎತ್ತಿ ಇಳಿಸುವ ಚೌಕಟ್ಟು) ಚಿಕ್ಕ ಮೇಜಿನ ಮಗ್ಗ. ಎಳೆಗಳನ್ನು ಸಾಲಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆ 24 ಇಂಚು ಮಾತ್ರ. ರಾಣಿಯ ಸೀರೆಗೆ 42 ಇಂಚಾದರೂ ಅಗಲ ಬೇಕು, ಸೈನಿಕರ ಕಚ್ಚೆಗೂ ಅಗಲ ಬೇಕು. ದೊಡ್ಡ ಮಗ್ಗ ತರಿಸಲೇಬೇಕಾ?

ಉತ್ತರ: ತರಿಸಬೇಡಿ. ನಿಮ್ಮ ಮಗ್ಗದಲ್ಲೇ ಎರಡೂ ಆಗುತ್ತದೆ. ಆದರೆ ಎರಡನ್ನೂ ಒಂದೇ ರೀತಿ ನೇಯಬೇಡಿ. ಸೈನಿಕರ ಬಟ್ಟೆಯನ್ನು ಎರಡು ಪಟ್ಟಿಯಾಗಿ ನೇಯ್ದು ನಡುವೆ ಹೊಲಿಯಿರಿ. ರಾಣಿಯ ಸೀರೆಯನ್ನು ಎರಡು ಪದರದಲ್ಲಿ ನೇಯಿರಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೊಲಿಗೆಯ ವಿಷಯ. ನಡುವೆ ಹೊಲಿಗೆ ಬಂದರೆ ಅದು ಹಳೆ ಕಾಲದ ಬಟ್ಟೆ ಹೇಗಾದೀತು ಅಂತ ತುಂಬಾ ಜನ ಕೇಳುತ್ತಾರೆ. ನಿಜ ಅಂದರೆ ಹಳೆ ಕಾಲದಲ್ಲೇ ಹೊಲಿಗೆ ಜಾಸ್ತಿ ಇತ್ತು. ಅಡ್ಡ ನೂಲು ಒಯ್ಯುವ ಲಾಳಿಯನ್ನು ಕೈಯಿಂದ ಎಸೆಯುವ ಮಗ್ಗದಲ್ಲಿ ಒಬ್ಬರೇ ಕೂತು ನೇಯುವಾಗ ಬಟ್ಟೆಯ ಅಗಲಕ್ಕೆ ತೋಳೇ ಅಳತೆ. ಒಂದು ಕೈಯಿಂದ ಬಿಟ್ಟ ಲಾಳಿಯನ್ನು ಇನ್ನೊಂದು ಕೈ ಹಿಡಿಯಬೇಕಲ್ಲ. ಇಂಗ್ಲೆಂಡಿನಲ್ಲಿ ಅಗಲದ ಉಣ್ಣೆ ಬಟ್ಟೆಗೆ ಮಗ್ಗದ ಎರಡು ತುದಿಯಲ್ಲಿ ಇಬ್ಬರು ಕೂರಬೇಕಿತ್ತು. 1733ರಲ್ಲಿ ಜಾನ್ ಕೇ ಹಗ್ಗ ಎಳೆದರೆ ಓಡುವ ಲಾಳಿ ಮಾಡಿದ ಮೇಲೆ ಒಬ್ಬರೇ ಅಗಲ ನೇಯುವುದು ಸುಲಭವಾಯಿತು. ಸ್ಕಾಟ್ಲೆಂಡಿನ ಗುಡ್ಡಗಾಡಿನವರು ಮೈಗೆ ಸುತ್ತಿಕೊಳ್ಳುತ್ತಿದ್ದ ದೊಡ್ಡ ಚೌಕುಳಿ ಕಂಬಳಿ ಸಾಮಾನ್ಯವಾಗಿ ಎರಡು ಪಟ್ಟಿ ಸೇರಿಸಿ ಹೊಲಿದದ್ದು. ಜಪಾನಿನ ಕಿಮೋನೋ ಬಟ್ಟೆ ಇವತ್ತಿಗೂ ಸುಮಾರು 14 ಇಂಚು ಅಗಲದ್ದೇ. ನಮ್ಮ ಕಾಶ್ಮೀರದಲ್ಲಿ 19ನೇ ಶತಮಾನದಲ್ಲಿ ಒಂದೇ ಶಾಲನ್ನು ತುಂಡು ತುಂಡಾಗಿ ಬೇರೆ ಬೇರೆ ಮಗ್ಗದಲ್ಲಿ ನೇಯ್ದು, ರಫುಗಾರರು ಕಣ್ಣಿಗೆ ಕಾಣದ ಹಾಗೆ ಜೋಡಿಸುತ್ತಿದ್ದರು. ಹಾಗಾಗಿ ಹೊಲಿಗೆ ಬಂತು ಅಂತ ಬೇಜಾರು ಬೇಡ.

ಸೈನಿಕರ ಕಚ್ಚೆಗೆ ಹೊಲಿಗೆ ಸಾಕು ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ಕಚ್ಚೆ ಕಟ್ಟಿದಾಗ ಆ ಹೊಲಿಗೆ ತೊಡೆಯ ಮಟ್ಟದಲ್ಲಿ, ಮಡಿಕೆಗಳ ನಡುವೆ ಅಡ್ಡಕ್ಕೆ ಹೋಗುತ್ತದೆ. ಚೌಕುಳಿಯ ಒಂದು ಗೆರೆಯ ಪಕ್ಕ ಅದನ್ನು ಕೂರಿಸಿದರೆ ಮೊದಲ ಸಾಲಿನಲ್ಲಿ ಕೂತವರಿಗೂ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಒಂದಲ್ಲ, ಹಲವು ಕಚ್ಚೆ. ಅವಕ್ಕೆ 2/20ರ (20 ನಂಬರಿನ ಎರಡೆಳೆ ಹುರಿ ಮಾಡಿದ) ದಪ್ಪ ಹತ್ತಿ ನೂಲು ತಗೊಳ್ಳಿ, ಇಂಚಿಗೆ 24 ಎಳೆ ಇಡಿ. ಬಟ್ಟೆಗೆ ತೂಕ ಬರುತ್ತದೆ, ಮಡಿಕೆ ಚೆನ್ನಾಗಿ ನಿಲ್ಲುತ್ತದೆ, ಕೆಲಸವೂ ಬೇಗ ಸಾಗುತ್ತದೆ.

ಎರಡೂ ಪಟ್ಟಿಯನ್ನು ಒಂದೇ ಹಾಸಿನಲ್ಲಿ (ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳು), ಒಂದಾದ ಮೇಲೆ ಒಂದು ನೇಯಬೇಕು. ಬೇರೆ ಬೇರೆ ಹಾಸು ಹಾಕಿದರೆ ಬಿಗಿ ಒಂದೇ ತರ ಬರುವುದಿಲ್ಲ, ಚೌಕ ಕೂಡುವುದಿಲ್ಲ. ಅಂಚು ಒಂದು ಕಡೆ ಮಾತ್ರ ಇರಲಿ. ಹೊಲಿಗೆಯ ಕಡೆ ಅರ್ಧ ಚೌಕಕ್ಕೆ ನಿಲ್ಲಿಸಿ, ಇನ್ನರ್ಧ ಎದುರಿನ ಪಟ್ಟಿಯಿಂದ ಬರುತ್ತದೆ. ಸಾದಾ ನೇಯ್ಗೆಯ ಚೌಕುಳಿಗೆ ಒಳಮೈ ಹೊರಮೈ ಅಂತ ಇಲ್ಲ. ಎರಡನೇ ಪಟ್ಟಿಯನ್ನು ಮಗುಚಿ ಹಾಕಿದರೆ ಸಾಕು, ಅಂಚು ಆಚೆ ಕಡೆ ಹೋಗಿ ಕೂರುತ್ತದೆ, ಸೆರಗು ಸೆರಗಿನ ಕಡೆಯೇ ಇರುತ್ತದೆ. ಉದ್ದದ ಲೆಕ್ಕ ತಪ್ಪದಿರಲು ಮೊದಲ ಪಟ್ಟಿಯ ಚೌಕಗಳನ್ನು ಒಂದು ಬಟ್ಟೆ ಟೇಪಿನ ಮೇಲೆ ಗುರುತು ಹಾಕಿಕೊಳ್ಳಿ. ಎರಡನೆಯದನ್ನು ನೇಯುವಾಗ ಆ ಟೇಪನ್ನು ಪಕ್ಕದಲ್ಲಿ ಪಿನ್ ಮಾಡಿಕೊಂಡು ಹೋಗಿ. ಹಾಸು ಬಿಗಿಯಾಗಿರುವಾಗ ಅಳೆದ ಅಳತೆಯೂ ಸಡಿಲ ಬಿಟ್ಟಾಗ ಅಳೆದದ್ದೂ ಬೇರೆ ಬೇರೆ ಬರುತ್ತದೆ, ಆದ್ದರಿಂದ ಎರಡು ಸಲವೂ ಒಂದೇ ಸ್ಥಿತಿಯಲ್ಲಿ ಅಳೆಯಿರಿ. ಹೊಲಿಯುವಾಗ ಅರ್ಧ ಚೌಕದ ಕಡೆಯ ತುದಿಗೆ ತುದಿ ತಾಗಿಸಿ, ಒಂದರ ಮೇಲೊಂದು ಹತ್ತಿಸದೆ, ಅದೇ ನೂಲಿನಲ್ಲಿ ಈ ಕಡೆ ಒಂದು ಕುಣಿಕೆ ಆ ಕಡೆ ಒಂದು ಕುಣಿಕೆ ಹಿಡಿಯುತ್ತಾ ಹೋಗಿ. ಹೊಲಿಗೆ ಮೆಷಿನ್ ಬೇಡವೇ ಬೇಡ, ಅದು ಉಬ್ಬು ಮಾಡುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿದ್ದೀರಲ್ವಾ? ಅಂಥ ಅಭ್ಯಾಸ ಇರುವ ಕೈ ಸಿಕ್ಕರೆ ಈ ಕೆಲಸ ಅವರಿಗೇ ಕೊಡಿ, ಸರಿಯಾದ ಕೂಲಿ ಕೊಟ್ಟು.

ಇನ್ನೊಂದು ಮಾತು. ನಮ್ಮ ಕಡೆ ಚೌಕುಳಿ ಅಂದ ಕೂಡಲೇ ಕಣ್ಣಿಗೆ ಬರುವುದು ಬಡಗುತಿಟ್ಟಿನ ಕಸೆ ಸೀರೆ. ಅದನ್ನೇ ನೋಡಿ ನಕಲು ಮಾಡಿದರೆ ಪ್ರೇಕ್ಷಕರಿಗೆ ಸೈನಿಕ ಕಾಣುವುದಿಲ್ಲ, ಯಕ್ಷಗಾನದ ವೇಷ ಕಾಣುತ್ತದೆ. ಹೊನ್ನಾವರ, ಶಿರಸಿಯ ಜನರ ಕಣ್ಣಿಗೆ ಆ ಬಟ್ಟೆ ಅಷ್ಟು ಪರಿಚಿತ. ಚೌಕ ಚಿಕ್ಕದು ಮಾಡಿ, ಬಣ್ಣ ಎರಡಕ್ಕೆ ಇಳಿಸಿ.

ಈಗ ರಾಣಿಯ ಸೀರೆ. 16ನೇ ಶತಮಾನದ ಶುರುವಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸ ವಿಜಯನಗರದ ಹೆಂಗಸರ ಉಡುಪನ್ನು ವಿವರಿಸಿದ್ದಾನೆ. ತೆಳ್ಳಗಿನ ಬಿಳಿ ಹತ್ತಿ ಅಥವಾ ಗಾಢ ಬಣ್ಣದ ರೇಷ್ಮೆ, ಸುಮಾರು ಐದು ಗಜ ಉದ್ದ, ಒಂದು ಭಾಗ ಸೊಂಟಕ್ಕೆ ಸುತ್ತಿ ಇನ್ನೊಂದು ಭಾಗ ಎದೆಯ ಮೇಲಿಂದ ಹೆಗಲಿಗೆ, ಒಂದು ತೋಳು ಹೊರಗೆ. ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಚಾವಣಿ ಚಿತ್ರಗಳೂ ಅದೇ ಶತಮಾನದವು. ಅಲ್ಲಿನ ಹೆಂಗಸರ ಸೀರೆಗಳಲ್ಲಿ ಪಟ್ಟೆ, ಚೌಕುಳಿ, ಹೂವು ಎಲ್ಲ ಇದೆ. ಚೆನ್ನಭೈರಾದೇವಿ ಆಳಿದ್ದು 1552ರಿಂದ ಅಂತಾರೆ. ಆಗ ವಿಜಯನಗರ ಇನ್ನೂ ಗಟ್ಟಿಯಾಗಿತ್ತು, ಗೇರುಸೊಪ್ಪೆಯೂ ಅದರ ಅಡಿಯಲ್ಲೇ ಇತ್ತು. ಹಾಗಾಗಿ ಲೇಪಾಕ್ಷಿಯ ಚಿತ್ರ ನೋಡಿ ವಿನ್ಯಾಸ ತೆಗೆದರೆ ಕಾಲಕ್ಕೆ ಒಪ್ಪುತ್ತದೆ. ಚೌಕುಳಿಯನ್ನೇ ಆರಿಸಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ನಾಲ್ಕು ಶಾಫ್ಟಿನಲ್ಲಿ ಎರಡು ಪದರ ನೇಯುವಾಗ ಪದರಕ್ಕೆ ಸಿಗುವುದು ಎರಡೇ ಶಾಫ್ಟ್. ಎರಡು ಶಾಫ್ಟಿನಲ್ಲಿ ಸಾದಾ ನೇಯ್ಗೆ ಮಾತ್ರ ಆಗುತ್ತದೆ. ಆಗ ವಿನ್ಯಾಸ ಪೂರ್ತಿ ಬಣ್ಣದಿಂದಲೇ ಬರಬೇಕು. ಓರೆ ಗೆರೆಯ ಟ್ವಿಲ್ ಬೇಕಿದ್ದರೆ ಎಂಟು ಶಾಫ್ಟ್ ಬೇಕಾಗುತ್ತಿತ್ತು.

ಎರಡು ಪದರದ ನೇಯ್ಗೆ ಅಂದರೆ ಮಡಚಿಟ್ಟ ಪಂಚೆಯ ಹಾಗೆ. ಮಗ್ಗದ ಮೇಲೆ ಎರಡು ಬಟ್ಟೆ ಒಂದರ ಮೇಲೊಂದು ಬೆಳೆಯುತ್ತವೆ, ಎಡಗಡೆ ಸೇರಿಕೊಂಡಿರುತ್ತವೆ, ಬಲಗಡೆ ಬಿಟ್ಟುಕೊಂಡಿರುತ್ತವೆ. ಇಳಿಸಿ ಬಿಡಿಸಿದರೆ ಅಗಲ ಎರಡರಷ್ಟು.

ಎಳೆಗಳನ್ನು ಎಡದಿಂದ 1, 2, 3, 4ನೇ ಶಾಫ್ಟ್ ಅಂತ ಸಾಲಾಗಿ ಹೆಡಲಿಗೆ (ಶಾಫ್ಟಿನಲ್ಲಿರುವ, ಎಳೆ ತೂರಿಸುವ ಕಣ್ಣಿಗೆ) ತೂರಿಸಿ. 1 ಮತ್ತು 3 ಮೇಲಿನ ಪದರ, 2 ಮತ್ತು 4 ಕೆಳಗಿನ ಪದರ. ಮೊದಲ ಎಸೆತಕ್ಕೆ 1 ಒಂದನ್ನೇ ಎತ್ತಿ, ಲಾಳಿ ಬಲದಿಂದ ಎಡಕ್ಕೆ. ಎರಡನೆಯದಕ್ಕೆ 1, 2, 3 ಎತ್ತಿ, ಎಡದಿಂದ ಬಲಕ್ಕೆ. ಇದು ಕೆಳಗಿನ ಪದರದ ಎಸೆತ, ಮೇಲಿನ ಪದರವನ್ನು ಪೂರ್ತಿ ಎತ್ತಿ ದಾರಿ ಬಿಡಿಸಿದ್ದೇವೆ ಅಷ್ಟೇ. ಮೂರನೆಯದಕ್ಕೆ 1, 3, 4 ಎತ್ತಿ, ಮತ್ತೆ ಬಲದಿಂದ ಎಡಕ್ಕೆ. ನಾಲ್ಕನೆಯದಕ್ಕೆ 3 ಒಂದೇ, ಎಡದಿಂದ ಬಲಕ್ಕೆ. ಮೇಲೆ, ಕೆಳಗೆ, ಕೆಳಗೆ, ಮೇಲೆ. ಇದನ್ನು ಬಾಯಲ್ಲಿ ಹೇಳಿಕೊಂಡೇ ನೇಯಿರಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಅಂತ ಹೋದರೆ ಎರಡೂ ಕಡೆ ಮುಚ್ಚಿಕೊಂಡು ಕೊಳವೆ ಆಗುತ್ತದೆ, ಬಿಡಿಸೋಕೆ ಆಗುವುದಿಲ್ಲ.

ಈ ಕ್ರಮದಲ್ಲಿ ಒಂದು ವಿಷಯ ಗಮನಿಸಿ. ನಾಲ್ಕು ಎಸೆತ ಮುಗಿದಾಗಲೇ ಲಾಳಿ ಬಿಟ್ಟ ಅಂಚಿಗೆ, ಅಂದರೆ ಬಲಕ್ಕೆ, ವಾಪಸ್ ಬಂದು ಒಂದು ಸುತ್ತು ಪೂರ್ತಿ ಆಗುವುದು. ಆದ್ದರಿಂದ ಹೊಕ್ಕಿನ, ಅಂದರೆ ಅಡ್ಡ ಎಳೆಯ, ಬಣ್ಣ ಬದಲಿಸುವುದು ನಾಲ್ಕರ ಲೆಕ್ಕದಲ್ಲೇ. ಪದರಕ್ಕೆ ಎರಡೆರಡು ಎಳೆ. ಒಂದೇ ಎಳೆಯ ಸಪೂರ ಗೆರೆ ಈ ವಿಧಾನದಲ್ಲಿ ಸರಿ ಬರುವುದಿಲ್ಲ, ಎರಡೆಳೆಯ ಗೆರೆ ಇಟ್ಟುಕೊಳ್ಳಿ.

ಹಾಸಿನ ಬಣ್ಣ ಇನ್ನೂ ಸುಲಭ. ಸೀರೆಯ ಎರಡೂ ಅಂಚು ಒಂದೇ ತರ ಇದ್ದರೆ, ಮಡಚಿದಾಗ ಅಂಚಿನ ಮೇಲೆ ಅಂಚು, ಚೌಕದ ಮೇಲೆ ಚೌಕ ಕೂರುತ್ತದಲ್ಲ. ಅಂದರೆ 1 ಮತ್ತು 2 ಒಂದೇ ಬಣ್ಣ, 3 ಮತ್ತು 4 ಒಂದೇ ಬಣ್ಣ. ಹಾಸು ಹಾಕುವಾಗಲೇ ಎಲ್ಲವನ್ನೂ ಜೋಡಿ ಎಳೆಯಾಗಿ ಎಳೆಯಬಹುದು. ಎಡಗಡೆ ಮಡಿಕೆ, ಅದು ಸೀರೆಯ ನಡು. ಬಲಗಡೆ ಎರಡು ಅಂಚೂ ಒಟ್ಟಿಗೆ. ಮಡಿಕೆಯ ಹತ್ತಿರದ ಚೌಕ ಮಾತ್ರ ಅರ್ಧ ಇರಬೇಕು. ಇಂಚಿಗೆ 36 ಎಳೆಯ ಬಟ್ಟೆಯಲ್ಲಿ ಒಂದಿಂಚಿನ ಚೌಕಕ್ಕೆ ಬೇರೆ ಕಡೆ 36 ಜೋಡಿ, ಮಡಿಕೆಯಲ್ಲಿ 18 ಜೋಡಿ. ಮರೆತು 36 ಹಾಕಿದರೆ ಸೀರೆಯ ಮಧ್ಯೆ ಎರಡಿಂಚಿನ ಪಟ್ಟೆ ಎದ್ದು ಕೂರುತ್ತದೆ. ಮತ್ತೆ, ಆ ಅರ್ಧ ಚೌಕಕ್ಕೆ ನಿಮ್ಮ ಅತಿ ಗಾಢ ಬಣ್ಣ ಇಡಿ. ಯಾಕೆ ಅಂತ ಈಗ ಗೊತ್ತಾಗುತ್ತದೆ.

ಎರಡು ಪದರದ ನೇಯ್ಗೆಯ ದೊಡ್ಡ ತಲೆನೋವು ಈ ಮಡಿಕೆಯೇ. ಲಾಳಿ ತಿರುಗುವಾಗ ಹೊಕ್ಕು ಎಳೆಯುತ್ತದೆ, ಅಲ್ಲಿನ ಹಾಸು ಒತ್ತೊತ್ತಾಗುತ್ತದೆ, ಬಿಡಿಸಿದಾಗ ಸೀರೆಯ ನಡುವೆ ಉದ್ದಕ್ಕೂ ಒಂದು ದಟ್ಟ ಗೆರೆ. ತಿಳಿ ಬಣ್ಣದಲ್ಲಿ ಅದು ದೂರದಿಂದಲೂ ಕಾಣುತ್ತದೆ, ಗಾಢ ಬಣ್ಣದಲ್ಲಿ ಅಷ್ಟು ಕಾಣುವುದಿಲ್ಲ. ಇದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಮದ್ದಿದೆ. ಕಾರವಾರ, ತದಡಿ, ಹೊನ್ನಾವರ, ಎಲ್ಲಿ ಬೇಕಾದರೂ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ಸಿಗುತ್ತದೆ. ಸ್ವಲ್ಪ ದಪ್ಪದ್ದು ತಗೊಳ್ಳಿ. ಎಡ ತುದಿಯ ಕೊನೆಯ ಎಳೆಯ ಆಚೆ, ಹಣಿಗೆಯ ಮುಂದಿನ ಸಂದಿನಲ್ಲಿ ಅದನ್ನು ತೂರಿಸಿ. ಹೆಡಲಿಗೆ ಮಾತ್ರ ಹಾಕಬೇಡಿ. ಹಿಂದೆ ನೀರು ತುಂಬಿದ ಬಾಟಲಿ ಕಟ್ಟಿ ಇಳಿಬಿಡಿ, ಬಿಗಿಯಾಗಿ ನಿಲ್ಲುತ್ತದೆ. ಹಾಸು ಬಾಯಿ ಬಿಟ್ಟಾಗ ಈ ದಾರ ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ನಡುವೆ ಇರುತ್ತದೆ. ಮೇಲಿನ ಪದರದ ಎಸೆತದಲ್ಲಿ ಲಾಳಿ ಅದರ ಮೇಲಿಂದ ಹೋಗಲಿ, ಕೆಳಗಿನದರಲ್ಲಿ ಅಡಿಯಿಂದ. ಹೊಕ್ಕು ಆ ನೈಲಾನನ್ನು ಸುತ್ತಿ ತಿರುಗುತ್ತದೆ, ಒಳಕ್ಕೆ ಎಳೆಯೋಕೆ ಆಗುವುದಿಲ್ಲ. ನೇಯ್ದು ಮುಗಿದ ಮೇಲೆ ಒಂದು ತುದಿಯಿಂದ ಎಳೆದರೆ ಜಾರಿಕೊಂಡು ಬರುತ್ತದೆ. ಇದರ ಜೊತೆಗೆ ಮಡಿಕೆಯ ಹತ್ತಿರದ ಎರಡು ಮೂರು ಸಂದಿಗೆ ನಾಲ್ಕರ ಬದಲು ಮೂರೇ ಎಳೆ ತೂರಿಸಿ. ಇಷ್ಟು ಮಾಡಿದರೆ ಉಳಿಯುವ ಗೆರೆ ಒಗೆದಾಗ ಬಹುಪಾಲು ಹೋಗುತ್ತದೆ.

ಸೀರೆಗೆ 2/40ರ ಹತ್ತಿ ನೂಲು ಸಾಕು, ಮರ್ಸರೈಸ್ಡ್ (ಕ್ಷಾರದಲ್ಲಿ ಹದಮಾಡಿ ನುಣುಪು ಮಾಡಿದ್ದು) ಆದರೆ ಇನ್ನೂ ಒಳ್ಳೆಯದು, ಎಳೆಗೆ ಎಳೆ ಅಂಟುವುದು ಕಮ್ಮಿ. ಪದರಕ್ಕೆ ಇಂಚಿಗೆ 36 ಎಳೆ ಅಂದರೆ ಹಣಿಗೆಯಲ್ಲಿ ಇಂಚಿಗೆ 72 ಎಳೆ ಇರಬೇಕು. ಇದಕ್ಕೆ ಸಣ್ಣ ಸಂದಿನ ಹಣಿಗೆ ಹುಡುಕಬೇಡಿ. ಇಂಚಿಗೆ 18 ಸಂದಿರುವ ಹಣಿಗೆ, ಅಂದರೆ ನಮ್ಮಲ್ಲಿ 36ರ ಹಣಿಗೆ ಅಂತ ಸಿಗುವುದು, ತಗೊಂಡು ಸಂದಿಗೆ ನಾಲ್ಕು ಎಳೆ ಹಾಕಿ. ತಿಕ್ಕಾಟ ಕಮ್ಮಿ. 23.5 ಇಂಚು ತುಂಬಿದರೆ ಒಟ್ಟು 1,692 ಎಳೆ. ಬಿಡಿಸಿದಾಗ 47 ಇಂಚು, ನೇಯುವಾಗ ಮತ್ತು ಒಗೆದಾಗ ಕುಗ್ಗುವುದಕ್ಕೆ ನೂರಕ್ಕೆ ಹತ್ತು ತೆಗೆದರೆ ನಿಮ್ಮ 42 ಇಂಚು ಬಂತು. 5.5 ಮೀಟರ್ ಸೀರೆಗೆ 7 ಮೀಟರ್ ಹಾಸು. ನೂಲು ಹಾಸಿಗೆ ಸುಮಾರು 350 ಗ್ರಾಂ, ಹೊಕ್ಕಿಗೆ 275 ಗ್ರಾಂ. 750 ಗ್ರಾಂ ತರಿಸಿ, ಬಣ್ಣದ ಲಡಿ ಕಡಿಮೆ ಬಿದ್ದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಹೆಡಲಿನಲ್ಲಿ. 1,692 ಎಳೆಗೆ ಶಾಫ್ಟಿಗೆ 423 ಹೆಡಲ್ ಬೇಕು. ಚಿಕ್ಕ ಮಗ್ಗದ ಜೊತೆ ಬರುವುದು ಸಾಮಾನ್ಯವಾಗಿ ಇದಕ್ಕಿಂತ ತುಂಬಾ ಕಮ್ಮಿ. ನೂಲು ತರುವ ಮೊದಲೇ ಎಣಿಸಿ ನೋಡಿ. ಕಮ್ಮಿ ಇದ್ದರೆ ಗಟ್ಟಿ ಹುರಿ ದಾರದಲ್ಲಿ ಕೈಯಿಂದ ಕಟ್ಟಿಕೊಳ್ಳಿ. ಹಲಗೆಗೆ ನಾಲ್ಕು ಮೊಳೆ ಹೊಡೆದು ಅದರ ಮೇಲೆ ಕಟ್ಟಿದರೆ ಎಲ್ಲದರ ಕಣ್ಣು ಒಂದೇ ಎತ್ತರಕ್ಕೆ ಬರುತ್ತದೆ. ಕಣ್ಣು ಮೇಲೆ ಕೆಳಗೆ ಆದರೆ ಪದರ ಬೇರೆ ಆಗುವುದಿಲ್ಲ, ಲಾಳಿ ತಪ್ಪು ದಾರಿಯಲ್ಲಿ ಹೋಗುತ್ತದೆ.

ಎರಡು ಪದರದಲ್ಲಿ ನೇಯ್ದರೆ ಕೆಲಸ ಅರ್ಧ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಇಂಚಿಗೆ 72 ಎಸೆತದಂತೆ 5.5 ಮೀಟರಿಗೆ ಸುಮಾರು 15,600 ಸಲ ಲಾಳಿ ಹೋಗಬೇಕು. ಎರಡು ಪಟ್ಟಿಯಾಗಿ ನೇಯ್ದರೂ ಅಷ್ಟೇ. ನಿಮಿಷಕ್ಕೆ ಎಂಟು ಎಸೆತ ಹಿಡಿದರೂ 32 ಗಂಟೆಗಿಂತ ಜಾಸ್ತಿ, ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಹರಿದ ಎಳೆ ಕಟ್ಟುವುದು ಬೇರೆ. ಪದರದ ನೇಯ್ಗೆಯಿಂದ ಸಿಗುವ ಲಾಭ ಒಂದೇ, ನಡುವೆ ಹೊಲಿಗೆ ಇಲ್ಲದ ಬಟ್ಟೆ. ರಾಣಿಯ ಸೆರಗು ಹೆಗಲ ಮೇಲೆ ಅಗಲವಾಗಿ ಬಿಡಿಸಿಕೊಂಡಾಗ, ಬೆಳಕು ನೇರ ಬೀಳುವಾಗ, ಆ ಲಾಭಕ್ಕೆ ಬೆಲೆ ಇದೆ. ಹತ್ತು ಜನ ಸೈನಿಕರ ಕಚ್ಚೆಗೆ ಇಲ್ಲ.

ನೇಯುವಾಗ ಕೆಳಗಿನ ಪದರ ಕಣ್ಣಿಗೆ ಕಾಣುವುದಿಲ್ಲ. ಗೇಣಿಗೊಮ್ಮೆ ಫೋನಿನ ಕ್ಯಾಮೆರಾ ಟಾರ್ಚ್ ಹಾಕಿ ಮಗ್ಗದ ಅಡಿಯಿಂದ ಫೋಟೋ ತೆಗೆದು ನೋಡಿ, ಬಿಟ್ಟುಹೋದ ಎಳೆ ಅಲ್ಲೇ ಗೊತ್ತಾಗುತ್ತದೆ. ಬಟ್ಟೆಯನ್ನು ದಿಂಡಿಗೆ ಸುತ್ತುವ ಮೊದಲು ಬಲಗಡೆಯಿಂದ ಎರಡು ಪದರದ ನಡುವೆ ಒಂದು ನುಣುಪಾದ ಬಿದಿರು ಪಟ್ಟಿ ತೂರಿಸಿ ಮಡಿಕೆಯ ತನಕ ಓಡಿಸಿ. ಎಲ್ಲಾದರೂ ತಡೆದರೆ ಅಲ್ಲಿ ಎರಡು ಪದರ ಹೊಲಿದುಕೊಂಡಿದೆ ಅಂತ ಅರ್ಥ. ಸುತ್ತಿದ ಮೇಲೆ ಗೊತ್ತಾದರೆ ತುಂಬಾ ಬಿಚ್ಚಬೇಕಾಗುತ್ತದೆ.

ಬುಟ್ಟಾ ಹಾಕುವ ಆಸೆ ಇದ್ದರೆ ಮೇಲಿನ ಪದರದಲ್ಲಿ ಮಾತ್ರ ಕೈಯಿಂದ ಹಾಕಬಹುದು, ಕೆಳಗಿನದಕ್ಕೆ ಕೈ ಹೋಗುವುದಿಲ್ಲ. ಅದು ಅಂಥ ದೊಡ್ಡ ಕೊರತೆ ಅಲ್ಲ. ಉಟ್ಟಾಗ ಕಾಣುವುದು ಸೀರೆಯ ಕೆಳ ಅರ್ಧವೇ ಜಾಸ್ತಿ, ಮೇಲಿನರ್ಧ ಸೊಂಟದ ಕಡೆ ಸೇರಿಹೋಗುತ್ತದೆ. ಸೆರಗಿಗೆ ಬುಟ್ಟಾ ಬಿಟ್ಟು ಅಡ್ಡ ಪಟ್ಟೆ ಕೊಡಿ, ಒಂದೇ ಲಾಳಿ ಎರಡೂ ಪದರ ಸುತ್ತುವುದರಿಂದ ಪಟ್ಟೆ ತಾನಾಗಿಯೇ ಪೂರ್ತಿ ಅಗಲಕ್ಕೆ ಬರುತ್ತದೆ.

ಬಣ್ಣದ ವಿಷಯದಲ್ಲಿ ನೀವು ಶಿರಸಿಯಲ್ಲಿರುವುದೇ ಅನುಕೂಲ. ಅಡಿಕೆ ಬೇಯಿಸಿದ ಚೊಗರು ಹತ್ತಿಗೆ ಒಳ್ಳೆಯ ಕೆಂಗಂದು ಕೊಡುತ್ತದೆ. ಹೆಗ್ಗೋಡಿನ ಚರಕ ಅನ್ನುವ ನೇಕಾರ ಸಂಘದವರು ಅಡಿಕೆ ಚೊಗರನ್ನು ಕೈಮಗ್ಗದ ಬಟ್ಟೆಗೆ ಬಳಸುತ್ತಾರೆ, ಒಮ್ಮೆ ಹೋಗಿ ನೋಡಿಬನ್ನಿ, ದೂರವೇನಲ್ಲ. ಅದೇ ಚೊಗರಿಗೆ ಕಬ್ಬಿಣದ ನೀರು ತಾಗಿಸಿದರೆ ಕಪ್ಪಿಗೆ ತಿರುಗುತ್ತದೆ. ಆದರೆ ಕಬ್ಬಿಣ ಜಾಸ್ತಿಯಾದರೆ ನೂಲು ಕಾಲಕ್ರಮೇಣ ಸವೆದು ತುಂಡಾಗುತ್ತದೆ, ಹಾಸಿನ ಕಪ್ಪು ಎಳೆಗೆ ಹದವಾಗಿ ಹಾಕಿ, ಚೆನ್ನಾಗಿ ತೊಳೆಯಿರಿ. ಅಂಗಡಿಯ ಬಣ್ಣದ ನೂಲೇ ತಗೊಳ್ಳುವುದಾದರೆ ಹೊಳೆಯುವ ಗುಲಾಬಿ, ನೇರಳೆ ಬಿಟ್ಟುಬಿಡಿ. ಮೊದಲ ರಾಸಾಯನಿಕ ಬಣ್ಣ ಬಂದಿದ್ದೇ 1856ರಲ್ಲಿ. ಕೆಂಪು ನೂಲನ್ನು ಮಾತ್ರ ಬಿಳಿ ನೂಲಿನ ಜೊತೆ ಬಿಸಿನೀರಲ್ಲಿ ನೆನೆಸಿ ಪರೀಕ್ಷೆ ಮಾಡದೆ ಮಗ್ಗಕ್ಕೆ ಏರಿಸಬೇಡಿ. ಬಿಳಿಗೆ ಬಣ್ಣ ಹತ್ತಿದರೆ ಚೌಕುಳಿಯೇ ಹೋಯಿತು.

ಮಳೆಗಾಲದಲ್ಲಿ ನೇಯುವುದಕ್ಕೆ ಹೆದರಬೇಡಿ. ತೇವ ಇದ್ದರೆ ಹತ್ತಿ ನೂಲು ಗಟ್ಟಿಯಾಗುತ್ತದೆ, ಹರಿಯುವುದು ಕಮ್ಮಿ. ತೊಂದರೆ ಇರುವುದು ಗಂಜಿಯಲ್ಲಿ. ಅಕ್ಕಿ ಗಂಜಿ ಹಾಕಿದ ಹಾಸು ಆಷಾಢದಲ್ಲಿ ವಾರಗಟ್ಟಲೆ ಮಗ್ಗದ ಮೇಲಿದ್ದರೆ ಬೂಸ್ಟು ಹಿಡಿಯುತ್ತದೆ. ತೀರಾ ತೆಳು ಗಂಜಿ ಹಾಕಿ, ಮಗ್ಗವನ್ನು ಅಡಿಗೆಮನೆಯ ಬಿಸಿ ತಾಗುವ ಕೋಣೆಯಲ್ಲಿಡಿ. ಮರ್ಸರೈಸ್ಡ್ ನೂಲಾದರೆ ಗಂಜಿ ಇಲ್ಲದೆಯೂ ನಡೆಯುತ್ತದೆ.

ಸೀರೆಯ ಹಾಸು ಏರಿಸುವ ಮೊದಲು ನಾಲ್ಕಿಂಚು ಅಗಲದ ಒಂದು ಮಾದರಿ ನೇಯಿರಿ, ನೈಲಾನ್ ದಾರ ಸಮೇತ, ಅಂಚು ಸಮೇತ. ಅದನ್ನು ಒಗೆದು, ಬಿಡಿಸಿ, ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ದಟ್ಟ ಗೆರೆ ಕಂಡರೆ ಇನ್ನೂ ಒಂದೆರಡು ಸಂದಿನ ಎಳೆ ಕಮ್ಮಿ ಮಾಡಿ, ಜಾಳಾಗಿ ಕಂಡರೆ ಮತ್ತೆ ನಾಲ್ಕಕ್ಕೆ ತನ್ನಿ. ಸೀರೆ ಇಳಿಸಿದ ಮೇಲೆ ಬಿಡಿಸಿಯೇ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ನೆರಳಲ್ಲಿ ಹರಡಿ, ಸ್ವಲ್ಪ ಹಸಿ ಇರುವಾಗಲೇ ಮಡಿಕೆಯ ಗೆರೆಯ ಮೇಲೆ ಅಡ್ಡಡ್ಡಕ್ಕೆ ಇಸ್ತ್ರಿ ಮಾಡಿ. ನಾಟಕದ ದಿನದ ತನಕ ಅದೇ ಗೆರೆಯಲ್ಲಿ ಮತ್ತೆ ಮಡಚಬೇಡಿ, ಕೋಲಿಗೆ ಸುತ್ತಿ ಇಡಿ.